ಅಲುಗದ ಕ್ಯಾಮೆರಾದ ಮುಂದೆ ಕರಿಮುಸುಕು: ಲೂಯಿ ಫ್ಯೂಯಾಡ್ ಬಿಟ್ಟುಹೋದದ್ದೇನು?

ಪ್ಯಾರಿಸ್ಸಿನಲ್ಲಿ ರಾತ್ರಿ ಹೊತ್ತು ಕಳೆಗಟ್ಟುವ ಒಂದು ಭೋಜನಗೃಹ. ಹೆಸರು ಕ್ರೊಕೊದಿಲ್. ಪತ್ತೇದಾರ ಜೂವ್ ಮತ್ತು ಅವನ ಜೊತೆಗಾರ ಪತ್ರಕರ್ತ ಫಾಂದೋರ್ ಕೊನೆಗೂ ಫಾಂತೋಮಾಸ್‌ನನ್ನು ಹಿಡಿದಿದ್ದಾರೆ. ಎಡತೋಳು ಒಬ್ಬನ ಕೈಯಲ್ಲಿ, ಬಲತೋಳು ಇನ್ನೊಬ್ಬನ ಕೈಯಲ್ಲಿ. ಮೂವರೂ ಹಳೆಯ ಸ್ನೇಹಿತರಂತೆ ಬೀದಿಗೆ ಇಳಿಯುತ್ತಾರೆ. ನಾಲ್ಕು ಹೆಜ್ಜೆ ಆಗಿದೆಯೋ ಇಲ್ಲವೋ, ಫಾಂತೋಮಾಸ್ ಓಡುತ್ತಿದ್ದಾನೆ. ಹಿಡಿದವರ ಕೈಯಲ್ಲಿ ಉಳಿದದ್ದು ಖಾಲಿ ನಿಲುವಂಗಿ ಮತ್ತು ಅದಕ್ಕೆ ಹೊಂದಿಸಿದ ಎರಡು ಹುಸಿ ತೋಳು. ಇವತ್ತು ತನ್ನನ್ನು ಹೀಗೆ ಎರಡೂ ಕಡೆಯಿಂದ ಹಿಡಿಯುತ್ತಾರೆಂದು ಅವನಿಗೆ ಮೊದಲೇ ಗೊತ್ತಿತ್ತೆ? ಅಥವಾ ದಿನವೂ ಹುಸಿ ತೋಳು ತೊಟ್ಟುಕೊಂಡೇ ಊಟಕ್ಕೆ ಬರುತ್ತಾನೆಯೆ? ಚಿತ್ರ ಹೇಳುವುದಿಲ್ಲ. ಬೀದಿ ಮಾತ್ರ ನಿಜವಾದ ಬೀದಿ, ದೀಪ ನಿಜವಾದ ದೀಪ, ಕ್ಯಾಮೆರಾ ನಿಂತಲ್ಲೇ ನಿಂತಿದೆ.

ಇದು 1913ರ ‘ಜೂವ್ ಕಾಂತ್ರ್ ಫಾಂತೋಮಾಸ್’ ಚಿತ್ರದ ದೃಶ್ಯ. ನಿರ್ದೇಶಕ ಲೂಯಿ ಫ್ಯೂಯಾಡ್. ಈತ ಗೋಮೊಂ ಕಂಪನಿಯ ಸಂಬಳದಾಳಾಗಿ ಆರುನೂರಕ್ಕೂ ಹೆಚ್ಚು ಚಿತ್ರ ಮಾಡಿದವನು. ಹಾಸ್ಯ, ಪುರಾಣ, ಬೈಬಲ್ ಕಥೆ, ಮಕ್ಕಳ ಚಿತ್ರ, ಕಣ್ಣೀರಿನ ಕಥೆ, ಎಲ್ಲಕ್ಕೂ ಕೈ ಹಾಕಿದವನು. ಜನ ನೆನಪಿಟ್ಟುಕೊಂಡದ್ದು ಅವನ ಅಪರಾಧ ಚಿತ್ರಗಳನ್ನು: ‘ಫಾಂತೋಮಾಸ್’ನ ಐದು ಚಿತ್ರಗಳು (1913–14), ‘ಲೆ ವಾಂಪೀರ್’ನ ಹತ್ತು ಕಂತುಗಳು (1915–16), ‘ಜೂಡೆಕ್ಸ್’ (1917), ‘ತೀ ಮಿನ್’ (1919). ಕಳೆದ ನೂರು ವರ್ಷಗಳಲ್ಲಿ ಈ ಚಿತ್ರಗಳ ಬೆಲೆ ಏರಿದೆ, ಬಿದ್ದಿದೆ, ಮತ್ತೆ ಏರಿದೆ. ಅವನನ್ನು ಹೊಗಳಿದವರೂ ಒಂದೇ ಕಾರಣಕ್ಕೆ ಹೊಗಳಲಿಲ್ಲ. ಕವಿಗಳಿಗೆ ಅವನು ಕನಸುಗಾರ. ವಾಸ್ತವವಾದಿಗಳಿಗೆ ಯುದ್ಧಕಾಲದ ಪ್ಯಾರಿಸ್ಸನ್ನು ದಾಖಲಿಸಿದವನು. ಸಿನಿಮಾ ಶೈಲಿಯನ್ನು ಅಭ್ಯಾಸ ಮಾಡುವವರಿಗೆ, ಪಾತ್ರಗಳನ್ನು ಎಲ್ಲಿ ನಿಲ್ಲಿಸಬೇಕು, ಯಾವಾಗ ಸರಿಸಬೇಕು ಎಂದು ಬಲ್ಲ ಗುರು. ಈ ಮೂರರಲ್ಲಿ ಯಾವುದು ಸರಿ?

ಹಿನ್ನೆಲೆಯನ್ನು ಬೇಗ ಹೇಳಿಬಿಡುತ್ತೇನೆ. ಫ್ಯೂಯಾಡ್ ಹುಟ್ಟಿದ್ದು 1873ರಲ್ಲಿ, ದಕ್ಷಿಣ ಫ್ರಾನ್ಸಿನ ಲುನೆಲ್ ಎಂಬ ಊರಿನಲ್ಲಿ. ಮನೆಯವರದು ದ್ರಾಕ್ಷಾರಸದ ವ್ಯಾಪಾರ. ಓದಿದ್ದು ಕ್ಯಾಥೊಲಿಕ್ ಪಾಠಶಾಲೆಯಲ್ಲಿ, ಸೇವೆ ಮಾಡಿದ್ದು ಅಶ್ವದಳದಲ್ಲಿ. ಪ್ಯಾರಿಸ್ಸಿಗೆ ಬಂದ ಮೇಲೆ ಮೊದಲು ಧಾರ್ಮಿಕ ಪ್ರಕಾಶನದಲ್ಲಿ ಕೆಲಸ, ಆಮೇಲೆ ಪತ್ರಿಕೆಗಳಿಗೆ ಬರವಣಿಗೆ. ಗೂಳಿಕಾಳಗದ ವರದಿಗಳನ್ನೂ ಬರೆದಿದ್ದಾನೆ. ರಾಜಕೀಯದಲ್ಲಿ ರಾಜಪ್ರಭುತ್ವದ ಕಡೆಯವನು. 1905ರ ಕೊನೆಗೆ ಗೋಮೊಂನಲ್ಲಿ ಕಥೆ ಬರೆಯುವ ಕೆಲಸ ಸಿಕ್ಕಿತು. ಆಗ ಅಲ್ಲಿ ಚಿತ್ರ ತಯಾರಿಕೆಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದವಳು ಅಲೀಸ್ ಗಿ, ಜಗತ್ತಿನ ಮೊದಲ ಮಹಿಳಾ ನಿರ್ದೇಶಕಿ. 1907ರಲ್ಲಿ ಮದುವೆಯಾಗಿ ಅಮೆರಿಕಕ್ಕೆ ಹೊರಟಾಗ, ತನ್ನ ಜಾಗಕ್ಕೆ ಅವಳು ಸೂಚಿಸಿದ್ದು ಫ್ಯೂಯಾಡ್ ಹೆಸರನ್ನು. ಅಲ್ಲಿಂದ ಮುಂದೆ ಅವನು ಕಂಪನಿಗೆ ಸಿನಿಮಾ ಒದಗಿಸುವ ಯಂತ್ರವೇ ಆಗಿಬಿಟ್ಟ. ಯಜಮಾನ ಲೆಯೊಂ ಗೋಮೊಂ ಒಂದೊಂದು ಕಾಸಿಗೂ ಲೆಕ್ಕ ಕೇಳುವ ಮನುಷ್ಯ, ಫ್ಯೂಯಾಡ್ ಲೆಕ್ಕ ತಪ್ಪದ ನೌಕರ.

ಈ ಲೆಕ್ಕಾಚಾರದಿಂದಲೇ ಒಂದು ಶೈಲಿ ಹುಟ್ಟಿತು. 1911ರಲ್ಲಿ ಫ್ಯೂಯಾಡ್ ‘ಬದುಕು ಇದ್ದಂತೆ’ ಎಂಬ ಅರ್ಥದ ಹೆಸರಿನಲ್ಲಿ ಒಂದು ಚಿತ್ರಮಾಲೆ ಶುರುಮಾಡಿದ. ವೇಷಭೂಷಣದ ಆಡಂಬರ ಬೇಡ, ದೇವತೆಗಳೂ ಬೇಡ, ಮನುಷ್ಯರು ಹೇಗಿರಬೇಕೆಂದಲ್ಲ, ಹೇಗಿದ್ದಾರೋ ಹಾಗೆ ತೋರಿಸುತ್ತೇವೆ ಎಂದು ಪ್ರಕಟಣೆ ಹೊರಡಿಸಿದ. ಅದರಲ್ಲಿ ಆದರ್ಶವೂ ಇತ್ತು, ಉಳಿತಾಯವೂ ಇತ್ತು. ಹಳೆಯ ಕಾಲದ ಉಡುಪು ಹೊಲಿಸುವುದಕ್ಕಿಂತ ನಟರು ತಮ್ಮದೇ ಕೋಟು ತೊಟ್ಟು ಬಂದರೆ ಅಗ್ಗ. ಅರಮನೆ ಕಟ್ಟುವುದಕ್ಕಿಂತ ಪಕ್ಕದ ಬೀದಿಗೆ ಹೋದರೆ ಸಾಕು. ಎರಡು ವರ್ಷಗಳ ನಂತರ ಇದೇ ಬೀದಿ, ಇದೇ ಕೋಟು, ಇದೇ ಮಧ್ಯಮವರ್ಗದ ಪಡಸಾಲೆಯೊಳಕ್ಕೆ ಅವನು ಕೊಲೆಗಾರನನ್ನು ತಂದು ಬಿಟ್ಟ.

ಆ ಕೊಲೆಗಾರ ಅವನ ಸೃಷ್ಟಿಯಲ್ಲ. ಪಿಯೆರ್ ಸುವೆಸ್ತ್ರ್ ಮತ್ತು ಮಾರ್ಸೆಲ್ ಅಲೇನ್ ಎಂಬಿಬ್ಬರು 1911ರಿಂದ 1913ರವರೆಗೆ ತಿಂಗಳಿಗೊಂದರಂತೆ 32 ‘ಫಾಂತೋಮಾಸ್’ ಕಾದಂಬರಿಗಳನ್ನು ಸುರಿದಿದ್ದರು. ಪ್ರತಿಯ ಬೆಲೆ 65 ಸಾಂತೀಮ್. ಮೊದಲ ಕಾದಂಬರಿಯ ಮುಖಪುಟದಲ್ಲಿ ಉದ್ದ ಟೋಪಿ, ಮುಖಕ್ಕೆ ಮುಸುಕು, ಕೈಯಲ್ಲಿ ಕಠಾರಿ ಹಿಡಿದ ದೈತ್ಯ ಇಡೀ ಪ್ಯಾರಿಸ್ಸಿನ ಮೇಲೆ ಕಾಲಿಟ್ಟು ನಿಂತಿದ್ದಾನೆ. ಸಿನಿಮಾದ ಪೋಸ್ಟರಿಗೆ ಅದೇ ಚಿತ್ರ ಬಳಸಿದಾಗ ಕಠಾರಿ ಮಾಯವಾಯಿತು. ಪೋಸ್ಟರಿನ ಮಟ್ಟಿಗೆ ಕಂಪನಿ ಮರ್ಯಾದಸ್ಥರಿಗೆ ಅಷ್ಟು ರಿಯಾಯಿತಿ ತೋರಿಸಿತು.

ಅಪರಾಧ ಚಿತ್ರವನ್ನೂ ಫ್ಯೂಯಾಡ್ ಕಂಡುಹಿಡಿದದ್ದಲ್ಲ. ಎಕ್ಲೇರ್ ಕಂಪನಿಗೆ ವಿಕ್ತೋರೆಂ ಜಾಸೆ ಮಾಡಿದ ‘ಜಿಗೊಮಾರ್’ 1911ರಲ್ಲೇ ಬಂದಿತ್ತು. ಅದರ ಹುಚ್ಚು ಜಪಾನಿಗೂ ಹಬ್ಬಿ, ಮರುವರ್ಷ ಟೋಕಿಯೊ ಪೊಲೀಸರು ಅದನ್ನು ನಿಷೇಧಿಸಬೇಕಾಯಿತು. ಅಮೆರಿಕದಲ್ಲಿ ಗ್ರಿಫಿತ್ 1912ರಲ್ಲಿ ನ್ಯೂಯಾರ್ಕಿನ ಓಣಿಗಳ ಪುಂಡರ ಬಗ್ಗೆ ‘ದಿ ಮಸ್ಕಟೀರ್ಸ್ ಆಫ್ ಪಿಗ್ ಆ್ಯಲಿ’ ಮಾಡಿದ್ದ. ಆದರೆ ಫಾಂತೋಮಾಸ್ ಬಂದ ಗಳಿಗೆಯೇ ಬೇರೆ. ಅದಕ್ಕೆ ಒಂದೂವರೆ ವರ್ಷ ಹಿಂದೆ, 1911ರ ಡಿಸೆಂಬರಿನಲ್ಲಿ, ಬೊನೊ ತಂಡದ ಅರಾಜಕತಾವಾದಿಗಳು ಪ್ಯಾರಿಸ್ಸಿನ ಬ್ಯಾಂಕ್ ನೌಕರನೊಬ್ಬನನ್ನು ಹಾಡಹಗಲೇ ದೋಚಿ ಮೋಟಾರಿನಲ್ಲಿ ಪರಾರಿಯಾಗಿದ್ದರು. ಆಗ ಪೊಲೀಸರು ಸೈಕಲ್ಲು, ಕುದುರೆ ನಂಬಿಕೊಂಡಿದ್ದವರು. ಆ ತಂಡದ ಮೂವರನ್ನು 1913ರ ಏಪ್ರಿಲ್ 21ರಂದು ಗಿಲೊಟಿನ್‌ಗೆ ಕೊಟ್ಟರು. ಮೂರು ವಾರ ಕಳೆಯುವುದರೊಳಗೆ ಫ್ಯೂಯಾಡ್‌ನ ಮೊದಲ ಫಾಂತೋಮಾಸ್ ಚಿತ್ರ ತೆರೆಗೆ ಬಂತು. ಅದರ ಉಪಶೀರ್ಷಿಕೆ ‘ಗಿಲೊಟಿನ್‌ನ ನೆರಳಿನಲ್ಲಿ’. ಮುಂಬಯಿಯ ಕಾರೊನೇಶನ್ ಚಿತ್ರಮಂದಿರದಲ್ಲಿ ಫಾಲ್ಕೆಯ ‘ರಾಜಾ ಹರಿಶ್ಚಂದ್ರ’ ಬಿಡುಗಡೆಯಾದದ್ದೂ ಅದೇ ಮೇ ತಿಂಗಳಲ್ಲಿ. ಇಲ್ಲಿ ಸುಳ್ಳಾಡದ ರಾಜ, ಅಲ್ಲಿ ಒಂದೇ ಒಂದು ನಿಜವನ್ನೂ ಹೇಳದ ಕಳ್ಳ.

ಮೂಲ ಕಾದಂಬರಿಯಲ್ಲಿ ಫಾಂತೋಮಾಸ್ ಬದಲಿಗೆ ಅವನ ವೇಷದಲ್ಲಿದ್ದ ನಟ ವಾಲ್‌ಗ್ರಾಂ ಗಿಲೊಟಿನ್‌ಗೆ ಬಲಿಯಾಗುತ್ತಾನೆ. ಚಿತ್ರದಲ್ಲಿ ಫ್ಯೂಯಾಡ್ ಅಷ್ಟು ದೂರ ಹೋಗಲಿಲ್ಲ. ಕೊನೆಯ ಗಳಿಗೆಯಲ್ಲಿ ಜೂವ್‌ಗೆ ಮೋಸ ತಿಳಿದು ಬಡಪಾಯಿ ನಟ ಉಳಿದುಕೊಳ್ಳುತ್ತಾನೆ. ಜೈಲಿನ ಹೊರಗೆ ನಡೆದ ಶಿರಚ್ಛೇದದ ಸುದ್ದಿ ಇನ್ನೂ ಆರಿರದ ಊರಿನಲ್ಲಿ ನಿರಪರಾಧಿಯ ತಲೆ ಉರುಳುವುದನ್ನು ತೋರಿಸುವುದು ಯಾವ ಕಂಪನಿಗೂ ಬೇಡದ ತಲೆನೋವು.

ಈಗ ಆ ಚಿತ್ರದ ಮೊದಲ ಭಾಗವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಂದು ದೊಡ್ಡ ಹೋಟೆಲು. ರಾಜಕುಮಾರಿ ದಾನಿದೋಫ್ ತನ್ನ ಕೋಣೆಗೆ ಬರುತ್ತಾಳೆ, ಹಣ ಒಳಗಿಡುತ್ತಾಳೆ. ಪರದೆಯ ಹಿಂದಿನಿಂದ ಒಬ್ಬ ಸಭ್ಯ ಗೃಹಸ್ಥ ಹೊರಬರುತ್ತಾನೆ. ಧಾವಂತವಿಲ್ಲ. ಯಾರು ನೀನು ಎಂದರೆ ಭೇಟಿಚೀಟಿ ಕೊಡುತ್ತಾನೆ, ಅದರಲ್ಲಿ ಏನೂ ಬರೆದಿಲ್ಲ. ಹಣ, ಒಡವೆ ತೆಗೆದುಕೊಂಡು ಹೋಗುತ್ತಾನೆ. ಅವನು ಹೋದ ಮೇಲೆ ಆ ಖಾಲಿ ಚೀಟಿಯ ಮೇಲೆ ಒಂದೊಂದಾಗಿ ಅಕ್ಷರ ಮೂಡುತ್ತವೆ: ಫಾಂತೋಮಾಸ್. ಅತ್ತ ಅವನು ಲಿಫ್ಟಿನ ಹುಡುಗನನ್ನು ಅದುಮಿ, ಅವನ ಸಮವಸ್ತ್ರ ತೊಟ್ಟು, ಹೋಟೆಲಿನ ಮುಂಬಾಗಿಲಿನಿಂದಲೇ ಹೊರಗೆ ನಡೆದುಬಿಡುತ್ತಾನೆ.

ಇಲ್ಲಿ ನಡೆದ ತಂತ್ರವೆಲ್ಲ ಕಣ್ಣೆದುರಿಗೇ ಇದೆ. ಕ್ಯಾಮೆರಾ ಮಸೂರದ ಮುಂದಿನ ಜಾಗ ನಾಟಕದ ರಂಗದಂತಲ್ಲ. ರಂಗ ಮುಂದೆ ಅಗಲ, ಮಸೂರದ ಎದುರಿನ ಜಾಗ ಮುಂದೆ ಕಿರಿದು, ಹಿಂದಕ್ಕೆ ಹೋದಷ್ಟೂ ಅಗಲ. ಮುಂದೆ ನಿಂತ ಒಬ್ಬ ನಟ ಒಂದು ಅಡಿ ಪಕ್ಕಕ್ಕೆ ಸರಿದರೆ ಹಿಂದಿನ ಬಾಗಿಲು ಇಡೀ ಕಾಣುತ್ತದೆ. ಮತ್ತೆ ಸರಿದರೆ ಮರೆಯಾಗುತ್ತದೆ. ನೋಡುವವರ ಕಣ್ಣು ಎಲ್ಲಿಗೆ ಹೋಗಬೇಕೆಂದು ಫ್ಯೂಯಾಡ್ ಹೇಳಿಕೊಡುವುದು ಹೀಗೆ ದೇಹಗಳನ್ನು ಸರಿಸಿ. ಯಾರೋ ತಿರುಗಿ ಬೆನ್ನು ಹಾಕುತ್ತಾರೆ, ಯಾರೋ ಕುರ್ಚಿಯಲ್ಲಿ ಕೂರುತ್ತಾರೆ, ತೆರವಾದ ಆ ಜಾಗದಲ್ಲಿ ನಾವು ನೋಡಬೇಕಾದ್ದು ಕಾಣುತ್ತದೆ. ಚೀಟಿಯಂಥ ಸಣ್ಣ ವಸ್ತು ಇದ್ದಾಗ ಮಾತ್ರ ಹತ್ತಿರದ ಶಾಟ್. ಉಳಿದಂತೆ ಇಡೀ ಕೋಣೆ, ಗೋಡೆಯಿಂದ ಗೋಡೆಗೆ, ನಮ್ಮ ವಶದಲ್ಲೇ ಇದೆ ಅನ್ನಿಸುತ್ತದೆ. ಆ ಭರವಸೆಯೇ ಬಲೆ. ಎಲ್ಲವನ್ನೂ ನೋಡುತ್ತಿದ್ದೇವೆ ಎಂದುಕೊಂಡವರಿಗೆ ಪರದೆಯ ಹಿಂದೆ ಮನುಷ್ಯನಿದ್ದದ್ದು ಕಾಣಲಿಲ್ಲ. ಮುಂದಿನ ಸೀನಿನಿಂದ ನಾವು ಪ್ರತಿ ಬೀರುವನ್ನೂ ಪ್ರತಿ ಪರದೆಯನ್ನೂ ಅನುಮಾನದಿಂದ ನೋಡಲು ಶುರುಮಾಡುತ್ತೇವೆ.

ಅಮೆರಿಕದ ವಿದ್ವಾಂಸ ಡೇವಿಡ್ ಬೋರ್ಡ್‌ವೆಲ್ ಈ ಚಲನೆಗಳನ್ನು ಶಾಟ್ ಶಾಟ್ ಬಿಡಿಸಿ ತೋರಿಸಿದರು. ಅವರ 2005ರ ‘ಫಿಗರ್ಸ್ ಟ್ರೇಸ್ಡ್ ಇನ್ ಲೈಟ್’ ಪುಸ್ತಕದಲ್ಲಿ ಫ್ಯೂಯಾಡ್ ಪಕ್ಕದಲ್ಲಿ ಕೂತಿರುವವರು ಮಿಝೊಗುಚಿ, ಆಂಗೆಲೊಪೌಲೊಸ್ ಮತ್ತು ಹೌ ಶಿಯಾವ್-ಶಿಯೆನ್. ಅಲ್ಲಿಯವರೆಗಿನ ಇತಿಹಾಸಗಳಲ್ಲಿ ಕಥೆ ಒಂದೇ ಆಗಿತ್ತು: ಗ್ರಿಫಿತ್ ಕತ್ತರಿಸಿ ಜೋಡಿಸಲು ಕಲಿಸಿದ, ಯೂರೋಪಿನವರು ನಾಟಕದ ಗುಂಗಿನಲ್ಲಿ ಹಿಂದೆ ಬಿದ್ದರು. ಆ ಕಥೆ ಈಗ ನಿಲ್ಲುವುದಿಲ್ಲ. ಕತ್ತರಿಸದೆ ಉಳಿದದ್ದು ಅಜ್ಞಾನವಲ್ಲ, ಅದು ಇನ್ನೊಂದು ವಿದ್ಯೆ. ಆದರೂ ಬೋರ್ಡ್‌ವೆಲ್ ಓದಿದಾಗ ನನಗೊಂದು ಕೊರತೆ ಕಾಣುತ್ತದೆ. ನಟರ ಹೆಜ್ಜೆಗಳನ್ನು ಅಷ್ಟು ಚೊಕ್ಕವಾಗಿ ಅಳೆದವರು, ಆ ಹೆಜ್ಜೆಗಳಿಂದ ನಮ್ಮ ಎದೆಯಲ್ಲಿ ಹುಟ್ಟುವ ಅಳುಕಿನ ವಿಚಾರಕ್ಕೆ ಹೆಚ್ಚು ಕೈ ಹಾಕುವುದಿಲ್ಲ.

ಅಳುಕಿನ ಬಗ್ಗೆ ಬಲ್ಲವರು ಕವಿಗಳು. ಅಪೊಲಿನೇರ್, ಮಾಕ್ಸ್ ಜಾಕೋಬ್ ಫಾಂತೋಮಾಸ್ ಅಭಿಮಾನಿಗಳು. ಹ್ವಾನ್ ಗ್ರೀಸ್ 1915ರಲ್ಲೇ ಅವನ ಕಾದಂಬರಿಯನ್ನು ಕ್ಯೂಬಿಸ್ಟ್ ಚಿತ್ರದಲ್ಲಿ ಸೇರಿಸಿದ. ರೊಬೇರ್ ದೆಸ್ನೋಸ್ 1933ರಲ್ಲಿ ಅವನ ಮೇಲೊಂದು ಲಾವಣಿ ಕಟ್ಟಿದ, ಕುರ್ಟ್ ವೈಲ್ ಸಂಗೀತದೊಡನೆ ಅದು ರೇಡಿಯೋದಲ್ಲಿ ಬಂತು. ಬೆಲ್ಜಿಯಮ್ಮಿನ ರೆನೆ ಮಾಗ್ರಿತ್ ಬಿಡಿಸಿದ ‘ಬೆದರಿಕೆಯಲ್ಲಿರುವ ಕೊಲೆಗಾರ’ ಚಿತ್ರದಲ್ಲಿ ಬಾಗಿಲಿನ ಎರಡೂ ಬದಿಗೆ ಟೋಪಿಯ ಇಬ್ಬರು ಅವಿತು ನಿಂತಿದ್ದಾರೆ, ಒಬ್ಬನ ಕೈಯಲ್ಲಿ ದೊಣ್ಣೆ, ಇನ್ನೊಬ್ಬನ ಕೈಯಲ್ಲಿ ಬಲೆ. ಈ ಜೋಡಣೆ ಫ್ಯೂಯಾಡ್‌ನ ಮೂರನೆಯ ಫಾಂತೋಮಾಸ್ ಚಿತ್ರದ ದೃಶ್ಯವೊಂದನ್ನು ಹೋಲುವುದನ್ನು ಕಲಾ ಇತಿಹಾಸಕಾರರು ಗುರುತಿಸಿದ್ದಾರೆ. ಬ್ರೆತೋಂ ಮತ್ತು ಆರಾಗೋಂ ‘ಲೆ ವಾಂಪೀರ್’ ನೋಡಿ ಬೆಳೆದ ತಲೆಮಾರು. 1928ರಲ್ಲಿ ಇಬ್ಬರೂ ಸೇರಿ ಬರೆದ ನಾಟಕದಲ್ಲಿ ಆ ಚಿತ್ರದ ನಾಯಕಿಗೆಂದೇ ಪಾತ್ರ ಕಟ್ಟಿದರು.

ಅವರ ವಾದ ಹೀಗಿತ್ತು: ಫ್ಯೂಯಾಡ್‌ಗೆ ತಾನು ಏನು ಮಾಡುತ್ತಿದ್ದೇನೆಂದು ಗೊತ್ತಿರಲಿಲ್ಲ, ಗೊತ್ತಿರದ ಕಾರಣಕ್ಕೇ ಅದು ಕವಿತೆ. ನಿಜ, ಅವನ ಚಿತ್ರಗಳಲ್ಲಿ ಹಾಗನ್ನಿಸುವ ಕ್ಷಣಗಳು ಬೇಕಾದಷ್ಟಿವೆ. ಗೋಡೆಗೆ ಮೊಳೆ ಹೊಡೆದರೆ ರಕ್ತ ಒಸರುತ್ತದೆ, ಒಳಗೆ ಹೆಣ ಹುದುಗಿದೆ. ಚರ್ಚಿನ ಗಂಟೆ ಬಾರಿಸಿದರೆ ಕೆಳಗೆ ನಿಂತವರ ಮೇಲೆ ಮುತ್ತೂ ರಕ್ತವೂ ಸುರಿಯುತ್ತವೆ. ಕದ್ದ ಒಡವೆ ಇಳಿಸಲು ಏರಿದ ಸಹಚರನನ್ನು ಫಾಂತೋಮಾಸ್ ಏಣಿ ತೆಗೆದು ಗಂಟೆಯೊಳಗೇ ನೇತುಬಿಟ್ಟಿದ್ದ. ಜೈಲಿನಲ್ಲಿ ಸತ್ತವನ ಬೆರಳಚ್ಚು ಊರ ತುಂಬ ಹೊಸ ಅಪರಾಧಗಳ ಜಾಗದಲ್ಲಿ ಸಿಗತೊಡಗುತ್ತದೆ. ಆ ಹೆಣದ ಕೈಯ ಚರ್ಮ ಸುಲಿದು ಕಳ್ಳ ಕೈಗವಸು ಮಾಡಿಕೊಂಡಿದ್ದಾನೆ. ಬೆರಳಚ್ಚಿನ ಶಾಸ್ತ್ರವನ್ನು ಪೊಲೀಸರು ಆಗಷ್ಟೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಕಾಲ ಅದು. ಇದನ್ನೆಲ್ಲ ಕನಸು ಎನ್ನುವ ಬದಲು ಕಿಡಿಗೇಡಿತನ ಎನ್ನಬಹುದು, ಬಲು ಎಚ್ಚರದ ಕಿಡಿಗೇಡಿತನ. ಅರ್ಧಕ್ಕರ್ಧ ಘಟನೆ ಕಾದಂಬರಿಯಿಂದ ಬಂದದ್ದು ಎಂಬುದನ್ನೂ ಕವಿಗಳು ಮರೆತರು. ಫ್ಯೂಯಾಡ್ ಸೇರಿಸಿದ್ದು ಜಾಗವನ್ನು. ಜೂವ್ ಮತ್ತು ಕಳ್ಳರ ಗುಂಡಿನ ಕಾಳಗವನ್ನು ಅವನು ಬೆರ್ಸಿಯ ನಿಜವಾದ ದ್ರಾಕ್ಷಾರಸದ ಕಟ್ಟೆಗೆ ಒಯ್ದ. ಸಾಲು ಸಾಲು ಪೀಪಾಯಿ, ನಡುವೆ ಹೊಗೆ, ಕೊನೆಗೆ ಬೆಂಕಿ. ಜೂವ್ ಮತ್ತು ಫಾಂದೋರ್ ಪೀಪಾಯಿಯೊಳಗೆ ತೂರಿಕೊಂಡು ಉರುಳುತ್ತ ಸೇನ್ ನದಿಗೆ ಬೀಳುತ್ತಾರೆ. ದ್ರಾಕ್ಷಾರಸದ ವ್ಯಾಪಾರದ ಮನೆಯಲ್ಲಿ ಹುಟ್ಟಿದವನಿಗೆ ಪೀಪಾಯಿ ಎಷ್ಟು ದಪ್ಪ, ಅದರ ಹಿಂದೆ ಎಷ್ಟು ಜನ ಅವಿತುಕೊಳ್ಳಬಹುದು ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ.

‘ಲೆ ವಾಂಪೀರ್’ನಲ್ಲಿ ಕಾದಂಬರಿಯ ಊರುಗೋಲೂ ಇಲ್ಲ. 1915ರಲ್ಲಿ ಸೇನೆಗೆ ಕರೆಸಿಕೊಂಡ ಫ್ಯೂಯಾಡ್‌ನನ್ನು ಹೃದಯದ ತೊಂದರೆಯಿಂದಾಗಿ ವಾಪಸು ಕಳಿಸಿದರು. ಪೈಪೋಟಿಯ ಪಾಥೆ ಕಂಪನಿ ಪರ್ಲ್ ವೈಟ್ ನಟಿಸಿದ ಅಮೆರಿಕನ್ ಧಾರಾವಾಹಿಯನ್ನು ‘ನ್ಯೂಯಾರ್ಕಿನ ರಹಸ್ಯಗಳು’ ಎಂಬ ಹೆಸರಿನಲ್ಲಿ ತರುತ್ತಿದೆ ಎಂದು ಗೊತ್ತಾದಾಗ, ಗೋಮೊಂಗೆ ಅದಕ್ಕಿಂತ ಮೊದಲೇ ಏನಾದರೂ ಬೇಕಿತ್ತು. ನವೆಂಬರಿನಲ್ಲಿ ಮೊದಲ ಕಂತು ಬಂತು. ಕಥೆಯನ್ನು ಬಹುಮಟ್ಟಿಗೆ ಚಿತ್ರೀಕರಣದ ಹೊತ್ತಿಗೇ ಕಟ್ಟಿಕೊಂಡರು ಎನ್ನುತ್ತಾರೆ. ನೋಡಿದರೆ ನಂಬಬಹುದು. ಕಂತುಗಳ ಉದ್ದದಲ್ಲಿ ಯಾವ ಶಿಸ್ತೂ ಇಲ್ಲ: ಒಂದು ಕಾಲು ಗಂಟೆ, ಇನ್ನೊಂದು ಸುಮಾರು ಒಂದು ಗಂಟೆ. ‘ವಾಂಪೀರ್’ ಎಂಬ ಕಳ್ಳರ ಗುಂಪಿನ ನಾಯಕರು ಒಬ್ಬರಾದ ಮೇಲೊಬ್ಬರು ಸಾಯುತ್ತಾರೆ, ಹೊಸಬರು ಬರುತ್ತಾರೆ. ಅವರನ್ನು ಬೆನ್ನಟ್ಟುವ ಪತ್ರಕರ್ತ ಗೆರಾಂದ್ ಸಪ್ಪೆ ಮನುಷ್ಯ. ಅವನ ಪಕ್ಕದಲ್ಲಿರುವ ಮಜಾಮೆತ್ ಕಳ್ಳತನ ಬಿಟ್ಟವನು, ಆಗಾಗ ನೇರ ಪ್ರೇಕ್ಷಕರ ಕಡೆಗೆ ತಿರುಗಿ ನಗುವವನು. ಆ ಪಾತ್ರದ ಮಾರ್ಸೆಲ್ ಲೆವೆಸ್ಕ್ ಇಲ್ಲದಿದ್ದರೆ ಸುಮಾರು ಏಳು ಗಂಟೆಯ ಈ ಚಿತ್ರವನ್ನು ಒಂದೇ ದಿನದಲ್ಲಿ ನೋಡಿ ಮುಗಿಸುವುದು ಕಷ್ಟ.

ಎರಡನೆಯ ಕಂತಿನಲ್ಲಿ ನರ್ತಕಿ ಮಾರ್ಫಾ ಕುತಿಲೋಫ್ ಬಾವಲಿಯ ರೆಕ್ಕೆ ತೊಟ್ಟು ರಂಗದ ಮೇಲೆ ಕುಣಿಯುತ್ತಾಳೆ. ಅವಳ ಬೆರಳಿಗೆ ಯಾರೋ ತೊಡಿಸಿದ ಉಂಗುರದಲ್ಲಿ ವಿಷವಿದೆ. ಕುಣಿತದ ನಡುವೆಯೇ ಕುಸಿಯುತ್ತಾಳೆ. ನೋಡುತ್ತಿರುವವರಿಗೆ ಅದು ಕುಣಿತದ ಭಾಗವೋ ಸಾವೋ ಎಂದು ಒಂದು ಕ್ಷಣ ತಿಳಿಯುವುದಿಲ್ಲ. ಮೂರನೆಯ ಕಂತಿನಲ್ಲಿ ಕೀಳು ದರ್ಜೆಯ ಕ್ಯಾಬರೆಯೊಂದರ ಗೋಡೆಯ ಮೇಲೆ ಗಾಯಕಿ ಇರ್ಮಾ ವೆಪ್ ಹೆಸರಿನ ಪೋಸ್ಟರು; ಅಕ್ಷರಗಳು ತಾವೇ ಜಾಗ ಬದಲಿಸಿಕೊಂಡು ‘ವಾಂಪೀರ್’ ಎಂದು ಜೋಡಣೆಯಾಗುತ್ತವೆ. ಅಲ್ಲಿಂದ ಚಿತ್ರ ಅವಳದ್ದು. ಮನೆಗೆಲಸದವಳಾಗಿ, ಬ್ಯಾಂಕಿನ ಗುಮಾಸ್ತೆಯಾಗಿ, ಮೀಸೆ ಮೂಡದ ಕುಲೀನ ಯುವಕನಾಗಿ, ಅಡಿಯಿಂದ ಮುಡಿಯವರೆಗೆ ಮೈಗಂಟಿದ ಕರಿ ರೇಷ್ಮೆಯ ಉಡುಪಿನಲ್ಲಿ ಮಾಳಿಗೆಯ ಮೇಲೆ ಓಡುವ ನೆರಳಾಗಿ ಅವಳು ಬರುತ್ತಾಳೆ. ನಟಿಯ ನಿಜ ಹೆಸರು ಜಾನ್ ರೋಕ್, ತೆರೆಯ ಮೇಲೆ ಮ್ಯುಸಿಡೋರಾ, ಸಂಗೀತ ರಂಗಭೂಮಿಯಿಂದ ಬಂದವಳು, ಕಾದಂಬರಿಕಾರ್ತಿ ಕೊಲೆತ್‌ಳ ಗೆಳತಿ. ಅವಳ ಮುಖದಲ್ಲಿ ಆ ಕಾಲದ ನಟಿಯರ ಕಣ್ಣರಳಿಸುವ ಅಭಿನಯ ಕಡಿಮೆ, ಬದಲಿಗೆ ಒಂದು ಬಗೆಯ ಬೇಸರ, ಕೆಲಸ ಮುಗಿಸಿ ಹೋಗೋಣ ಎಂಬ ಭಾವ. ವೃತ್ತಿಪರ ಕಳ್ಳರು ಹಾಗೆಯೇ ಇರುತ್ತಾರೇನೋ.

ಐದನೆಯ ಕಂತಿನಲ್ಲಿ ಶ್ರೀಮಂತರ ಔತಣಕೂಟಕ್ಕೆ ಅನಿಲ ಹಾಯಿಸಿ ಎಲ್ಲರನ್ನೂ ಮೂರ್ಛೆ ಕೆಡವಿ, ಕಳ್ಳರು ನಿಧಾನವಾಗಿ ಒಡವೆ ಬಿಚ್ಚಿಕೊಳ್ಳುತ್ತಾರೆ. 1915ರ ಏಪ್ರಿಲಿನಲ್ಲಿ ಈಪ್ರ್ ಬಳಿಯ ರಣರಂಗದಲ್ಲಿ ಜರ್ಮನ್ ಸೇನೆ ಫ್ರೆಂಚ್ ಪಡೆಗಳ ಮೇಲೆ ಕ್ಲೋರಿನ್ ಅನಿಲ ಬಿಟ್ಟಿತ್ತು. ಇಡೀ ಹತ್ತು ಕಂತುಗಳಲ್ಲಿ ಯುದ್ಧದ ಕಥೆಗೆ ಜಾಗವೇ ಇಲ್ಲ. ವಯಸ್ಸಿನ ಗಂಡಸರು ಸೂಟು ತೊಟ್ಟು ಓಡಾಡಿಕೊಂಡಿದ್ದಾರೆ. ಆದರೆ ಬೀದಿಗಳು ಖಾಲಿ, ಹೊರವಲಯದ ಗೋಡೆಗಳು ಮೌನ, ಹಾದು ಹೋಗುವ ಕಾರೊಂದೇ ಜೀವಂತ. ವಾಸ್ತವವಾದಿಗಳು ಈ ಚಿತ್ರವನ್ನು ದಾಖಲೆ ಎಂದು ಕರೆಯುವುದು ಇದಕ್ಕೇ. ನನ್ನ ಮಟ್ಟಿಗೆ ದಾಖಲೆ ಎಂಬ ಮಾತು ಸಾಲದು. ಹೇಳಬಾರದ ಸುದ್ದಿ ಅನಿಲವಾಗಿ, ಮುಚ್ಚಿದ ಕಿಟಕಿಗಳಾಗಿ ಚಿತ್ರದೊಳಕ್ಕೆ ಸೋರಿದೆ, ಅದನ್ನು ಯಾರೂ ಯೋಜಿಸಿ ಸೇರಿಸಿರಲಾರರು. ಯೋಜಿಸಿದ್ದು ಇಷ್ಟೇ: ಕ್ಯಾಮೆರಾವನ್ನು ನಿಜವಾದ ಬೀದಿಯಲ್ಲಿ ಸ್ಥಿರವಾಗಿ ಇಡುವುದು, ಸಾಕಷ್ಟು ಹೊತ್ತು ಇಡುವುದು.

ಈ ಹಂತದಲ್ಲಿ ಮೂರು ವಾದಗಳೂ ಒಂದೇ ಕಡೆ ಸೇರುತ್ತವೆ ಎಂದು ನನಗೆ ಅನ್ನಿಸುತ್ತದೆ. ಜಾಗ ನಂಬುವಂಥದ್ದಾಗಿರಬೇಕು, ಕ್ಯಾಮೆರಾ ಅದನ್ನು ಪೂರ್ತಿ ತೋರಿಸಬೇಕು, ಆಗ ಮಾತ್ರ ಅದರೊಳಗಿನ ಮನುಷ್ಯರ ಮೇಲೆ ನಂಬಿಕೆ ಕುಸಿದಾಗ ಹೆದರಿಕೆ ಹುಟ್ಟುತ್ತದೆ. ಬಣ್ಣದ ಗವಿಯಲ್ಲಿ ಕೂತ ರಾಕ್ಷಸನಿಗೆ ಯಾರೂ ಹೆದರರು. ಡಾಕ್ಟರನಾಗಿ, ಬ್ಯಾಂಕರನಾಗಿ, ನ್ಯಾಯಾಧೀಶನಾಗಿ ಬರುವವನಿಗೆ ಹೆದರುತ್ತಾರೆ. ‘ಲೆ ಫೋ ಮಾಜಿಸ್ತ್ರಾ’ ಚಿತ್ರದ ಕೊನೆಯಲ್ಲಿ ಫಾಂತೋಮಾಸ್ ನ್ಯಾಯಾಧೀಶನ ವೇಷದಲ್ಲಿದ್ದಾಗಲೇ ತನ್ನ ಬಿಡುಗಡೆಯ ಆದೇಶಕ್ಕೂ ವ್ಯವಸ್ಥೆ ಮಾಡಿಟ್ಟು, ಆಮೇಲೆ ಸಿಕ್ಕಿಬೀಳುತ್ತಾನೆ. ಕಾನೂನೇ ಅವನಿಗೆ ಬಾಗಿಲು ತೆರೆಯುತ್ತದೆ. ರಾಜಪ್ರಭುತ್ವದ ಕಡೆಯ ಸಂಪ್ರದಾಯಸ್ಥ ಗಣರಾಜ್ಯದ ಸಂಸ್ಥೆಗಳನ್ನು ಹೀಗೆ ಲೇವಡಿ ಮಾಡಿದ್ದು ಸಹಜ. ಅದನ್ನು ನೋಡಿ ಎಡಪಂಥದ ಕವಿಗಳು ಚಪ್ಪಾಳೆ ತಟ್ಟಿದ್ದು ಇತಿಹಾಸದ ತಮಾಷೆ.

ಪೊಲೀಸರಿಗೆ ಮಾತ್ರ ತಮಾಷೆ ಅನ್ನಿಸಲಿಲ್ಲ. ಅಪರಾಧಿಗಳನ್ನು ವೈಭವೀಕರಿಸುತ್ತದೆ ಎಂದು ‘ಲೆ ವಾಂಪೀರ್’ನ ಪ್ರದರ್ಶನವನ್ನು ಕೆಲಕಾಲ ತಡೆಹಿಡಿದರು. ಮ್ಯುಸಿಡೋರಾಳೇ ಹೋಗಿ ಪೊಲೀಸ್ ಮುಖ್ಯಸ್ಥನ ಮನವೊಲಿಸಿದಳು ಎಂಬ ಕಥೆ ಇದೆ, ಕಥೆ ಚೆನ್ನಾಗಿಯೂ ಇದೆ. ಗೋಮೊಂ ಪಾಠ ಕಲಿಯಿತು. ಮುಂದಿನ ‘ಜೂಡೆಕ್ಸ್’ನಲ್ಲಿ ಕರಿ ನಿಲುವಂಗಿ ತೊಟ್ಟವನು ಕಳ್ಳನಲ್ಲ, ನ್ಯಾಯ ದೊರಕಿಸುವವನು. ಮ್ಯುಸಿಡೋರಾ ಇಲ್ಲಿ ಖಳನಾಯಕಿ ಡಯಾನಾ ಮೊಂತಿ. ಪತ್ರಿಕೆಯಲ್ಲಿ ಕಥೆ, ತೆರೆಯಲ್ಲಿ ಕಂತು, ಕುಟುಂಬ ಸಮೇತ ನೋಡಬಹುದು. ಭಾರೀ ಯಶಸ್ಸು. ನನಗೆ ಫ್ಯೂಯಾಡ್‌ನ ದೊಡ್ಡ ಚಿತ್ರಗಳಲ್ಲಿ ಇದೇ ಎಲ್ಲಕ್ಕಿಂತ ಕಡಿಮೆ ರುಚಿಸಿದ್ದು. ಯಾರು ಒಳ್ಳೆಯವರು ಎಂದು ಗೊತ್ತಾದ ಮೇಲೆ ಬೀರುವಿನ ಬಾಗಿಲು ಬರೀ ಬೀರುವಿನ ಬಾಗಿಲು.

‘ತೀ ಮಿನ್’ನಲ್ಲಿ ಮತ್ತೆ ಜೀವ ಬರುತ್ತದೆ, ನೀಸ್ ನಗರದ ಬಿಸಿಲು, ಬಂಡೆ, ಹೋಟೆಲು ಮಾಳಿಗೆಗಳ ನಡುವೆ. ಆದರೆ ವಸಾಹತು ಕಾಲದ ಪೂರ್ವಗ್ರಹವೂ ಜೊತೆಗೇ ಬರುತ್ತದೆ. ಇಂಡೋಚೀನಾದಿಂದ ಕರೆತಂದ ಹುಡುಗಿ ಪಾಪದವಳು, ಮನಸ್ಸನ್ನು ವಶಮಾಡಿಕೊಳ್ಳುವ ದುಷ್ಟ ಕಿಸ್ತ್ನಾ ಎಂಬ ಹಿಂದೂ. ಎಲ್ಲರೂ ಹುಡುಕುವ ಗುಪ್ತ ಬರಹ ಇರುವುದು ‘ನಳೋದಯ’ದ ಪ್ರತಿಯೊಂದರಲ್ಲಿ, ಒಂದು ಕಾಲಕ್ಕೆ ಕಾಳಿದಾಸನದೆಂದು ಹೇಳುತ್ತಿದ್ದ, ಯಮಕದ ಕಸರತ್ತಿಗೆ ಹೆಸರಾದ ಅದೇ ಸಂಸ್ಕೃತ ಕಾವ್ಯ. ನಳ-ದಮಯಂತಿಯರಿಗೂ ಜರ್ಮನ್ ಗೂಢಚಾರರಿಗೂ ಗಂಟು ಹಾಕಿದ ಕಥೆಗಾರ ಬೇರೊಬ್ಬನಿರಲಿಕ್ಕಿಲ್ಲ. ಫ್ಯೂಯಾಡ್ ಬಗ್ಗೆ ಹೊಗಳಿಕೆಯ ಪ್ರಬಂಧಗಳು ಈ ಭಾಗವನ್ನು ನಗುತ್ತ ದಾಟಿಬಿಡುತ್ತವೆ. ನಮಗೆ ಅಷ್ಟು ಸುಲಭಕ್ಕೆ ದಾಟಲಾಗದು.

ಅವನ ಹೆಸರು ಇಳಿದದ್ದು ಅವನು ಬದುಕಿರುವಾಗಲೇ. ಯುದ್ಧದ ನಂತರ ಫ್ರಾನ್ಸಿನಲ್ಲಿ ಸಿನಿಮಾ ವಿಮರ್ಶೆಯನ್ನು ಕಟ್ಟಿದ ಲೂಯಿ ದೆಲ್ಯುಕ್‌ಗೆ ಈ ಧಾರಾವಾಹಿಗಳೆಂದರೆ ಆಗದು. ಸಿನಿಮಾ ಕಲೆಯಾಗಬೇಕಾದರೆ ಮೊದಲು ಫ್ಯೂಯಾಡ್‌ನಂಥವರಿಂದ ತಪ್ಪಿಸಿಕೊಳ್ಳಬೇಕು ಎಂಬ ಧಾಟಿ. ಫ್ಯೂಯಾಡ್ 1925ರ ಫೆಬ್ರವರಿಯಲ್ಲಿ ನೀಸ್‌ನಲ್ಲಿ ತೀರಿಕೊಂಡ. ಕೊನೆಯವರೆಗೂ ಚಿತ್ರ ಮಾಡುತ್ತಲೇ ಇದ್ದ.

ಅವನನ್ನು ಮತ್ತೆ ಎಬ್ಬಿಸಿದ್ದು ಆನ್ರಿ ಲಾಂಗ್ಲ್ವಾ 1936ರಲ್ಲಿ ಗೆಳೆಯರೊಡನೆ ಕಟ್ಟಿದ ಪ್ಯಾರಿಸ್ಸಿನ ಸಿನೆಮಾತೆಕ್ ಎಂಬ ಚಿತ್ರಸಂಗ್ರಹಾಲಯ. ಅಲ್ಲಿ ಈ ಚಿತ್ರಗಳನ್ನು ನೋಡಿದವರಲ್ಲಿ ಅಲೇನ್ ರೆನೆ ಇದ್ದ. ಸಂಸ್ಥಾಪಕರಲ್ಲೊಬ್ಬನಾದ ಜಾರ್ಜ್ ಫ್ರಾಂಜು ಆಮೇಲೆ 1963ರಲ್ಲಿ ‘ಜೂಡೆಕ್ಸ್’ ಅನ್ನು ಮತ್ತೆ ಮಾಡಿದ. ಅದರ ಚಿತ್ರಕಥೆಯಲ್ಲಿ ಫ್ಯೂಯಾಡ್‌ನ ಮೊಮ್ಮಗ ಜಾಕ್ ಶಾಂಪ್ರೊ ಕೈಜೋಡಿಸಿದ್ದ. ಒಂದು ಮುಖ್ಯ ಸಂಗತಿಯನ್ನು ಇಲ್ಲಿ ಹೇಳಬೇಕು. ಲಾಂಗ್ಲ್ವಾ ತೋರಿಸುತ್ತಿದ್ದ ‘ಲೆ ವಾಂಪೀರ್’ ಪ್ರತಿಯಲ್ಲಿ ಟೈಟಲ್ ಕಾರ್ಡುಗಳಿರಲಿಲ್ಲ. ಯಾರು ಯಾರನ್ನು ಯಾಕೆ ಕೊಲ್ಲುತ್ತಿದ್ದಾರೆಂದು ತಿಳಿಯದೆ, ಮಾತಿಲ್ಲದ ಬಿಂಬಗಳ ಸರಮಾಲೆಯನ್ನು ಒಂದು ತಲೆಮಾರು ಬೆರಗಿನಿಂದ ನೋಡಿತು. 1915ರ ಪ್ರೇಕ್ಷಕ ಹಾಗೆ ನೋಡಿರಲಿಲ್ಲ. ಅವನಿಗೆ ಎಲ್ಲವನ್ನೂ ವಿವರಿಸುವ ಬರಹ ತೆರೆಯ ಮೇಲೆ ಬರುತ್ತಿತ್ತು. ಕನಸುಗಾರ ಫ್ಯೂಯಾಡ್ ಎಂಬ ಖ್ಯಾತಿಯಲ್ಲಿ ಒಂದು ಪಾಲು ಈ ಕಾಣೆಯಾದ ಕಾರ್ಡುಗಳದ್ದು. ಶಾಂಪ್ರೊ ಮುಂದಾಳತ್ವದಲ್ಲಿ ಅವನ್ನು ಮತ್ತೆ ಸೇರಿಸಿ ಚಿತ್ರವನ್ನು ಸರಿಪಡಿಸಿದ ಮೇಲೆ ಕಥೆ ಅರ್ಥವಾಗತೊಡಗಿತು. ಆದರೂ ಅಳುಕು ಹೋಗಲಿಲ್ಲ. ಅದು ಬರಹ ಇಲ್ಲದ ಗೊಂದಲದಿಂದ ಹುಟ್ಟಿದ್ದಲ್ಲ, ಚಿತ್ರದ ಒಳಗಿನದೇ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಡ. ಮ್ಯುಸಿಡೋರಾ ತಾನೇ ಕೆಲವು ಚಿತ್ರ ನಿರ್ದೇಶಿಸಿ, 1957ರಲ್ಲಿ ತೀರಿಕೊಳ್ಳುವವರೆಗೆ ಅದೇ ಸಿನೆಮಾತೆಕ್‌ನಲ್ಲಿ ಕೆಲಸ ಮಾಡಿಕೊಂಡಿದ್ದಳು.

ವಾರಸುದಾರರ ಪಟ್ಟಿ ಮಾಡುವಾಗ ಎಲ್ಲರೂ ಮೊದಲು ಹೇಳುವುದು ಫ್ರಿಟ್ಜ್ ಲಾಂಗ್ ಹೆಸರನ್ನು. ‘ಡಾಕ್ಟರ್ ಮಬೂಸೆ’ (1922) ಸಾವಿರ ವೇಷದ ಅಪರಾಧಿಯ ಕಥೆ, ಹೋಲಿಕೆ ಸಹಜ. ಆದರೆ ಮಬೂಸೆಗೆ ಉದ್ದೇಶವಿದೆ, ಸಿದ್ಧಾಂತವಿದೆ, ಜಗತ್ತನ್ನು ಆಳುವ ಹಟವಿದೆ. ಲಾಂಗ್ ಅದನ್ನು ಸಂಕಲನದ ಬಿಗಿಯಿಂದ ಕಟ್ಟುತ್ತಾನೆ. ಫಾಂತೋಮಾಸ್‌ಗೆ ಉದ್ದೇಶವೇ ಇಲ್ಲ. ಅವನ ಹಿಂದೆ ಮನಸ್ಸೇ ಕಾಣುವುದಿಲ್ಲ, ಬರೀ ವೇಷಗಳ ಸಾಲು. ಫ್ಯೂಯಾಡ್‌ನ ನಿಜವಾದ ವಾರಸು ಜಾಕ್ ರಿವೆತ್‌ನಲ್ಲಿ ಕಾಣುತ್ತದೆ. ‘ಪ್ಯಾರಿಸ್ ನಮ್ಮದು’ ಚಿತ್ರದಲ್ಲಿ, ಸುಮಾರು 13 ಗಂಟೆಯ ‘ಔಟ್ 1’ರಲ್ಲಿ ಹಗಲು ಬೆಳಕಿನ ಸಾಮಾನ್ಯ ಪ್ಯಾರಿಸ್ಸೇ ಪಿತೂರಿಯ ಹಾಗೆ ಕಾಣುತ್ತದೆ, ಪಿತೂರಿ ಇದೆಯೋ ಇಲ್ಲವೋ ಹೇಳಲಾಗದು. ‘ಸೆಲೀನ್ ಮತ್ತು ಜೂಲಿ’ಯಲ್ಲಿ ಇಬ್ಬರು ಹೆಣ್ಣುಮಕ್ಕಳು ಕರಿ ಉಡುಪು ತೊಟ್ಟು ಕಾಲಿಗೆ ಚಕ್ರ ಕಟ್ಟಿ ರಾತ್ರಿ ಗ್ರಂಥಾಲಯಕ್ಕೆ ಕನ್ನ ಹಾಕುವುದು ಮ್ಯುಸಿಡೋರಾಗೆ ಸಲಾಮು. ಒಲಿವಿಯೆ ಅಸಾಯಾಸ್ 1996ರಲ್ಲಿ ಮಾಡಿದ ‘ಇರ್ಮಾ ವೆಪ್’ನಲ್ಲಿ ಸುಸ್ತಾದ ನಿರ್ದೇಶಕನೊಬ್ಬ ‘ಲೆ ವಾಂಪೀರ್’ ಅನ್ನು ಮತ್ತೆ ಮಾಡಲು ಹೊರಟು ಹಾಂಗ್‌ಕಾಂಗಿನ ಮ್ಯಾಗಿ ಚುಂಗ್‌ಳನ್ನು ಕರೆಸುತ್ತಾನೆ, ಚಿತ್ರ ಮುಗಿಯುವುದಿಲ್ಲ. 2022ರಲ್ಲಿ ಅಸಾಯಾಸ್ ಅದನ್ನೇ ಎಂಟು ಕಂತಿನ ಟಿ.ವಿ. ಸರಣಿ ಮಾಡಿದರು. ಕಂತಿಗೆಂದು ಹುಟ್ಟಿದ ಕಥೆ ಕಂತಿಗೇ ಮರಳಿತು. ಅತ್ತ 1964ರಲ್ಲಿ ಆಂದ್ರೆ ಯುನೆಬೆಲ್ ಫಾಂತೋಮಾಸ್‌ಗೆ ನೀಲಿ ಮುಖವಾಡ ಹಾಕಿಸಿ, ಜೂವ್ ಪಾತ್ರಕ್ಕೆ ಲೂಯಿ ದ ಫ್ಯುನೆಸ್‌ನನ್ನು ತಂದು ಹಾಸ್ಯ ಮಾಡಿದ. ಫ್ರಾನ್ಸಿನ ಬಹುಪಾಲು ಜನರಿಗೆ ಗೊತ್ತಿರುವ ಫಾಂತೋಮಾಸ್ ಅದೇ. ಅದರ ಬಗ್ಗೆ ದೂರಿಲ್ಲ, ಆದರೆ ನೀಲಿ ಮುಖವಾಡ ತೊಟ್ಟವನನ್ನು ಬೀದಿಯಲ್ಲಿ ಯಾರಾದರೂ ಗುರುತಿಸುತ್ತಾರೆ.

ಗೋಮೊಂ ಕಂಪನಿ ಇವತ್ತಿಗೂ ಇದೆ. ಫಾಂತೋಮಾಸ್ ಚಿತ್ರಗಳನ್ನು ಸರಿಪಡಿಸಿ ಹೊರತಂದಿದೆ. ಕೊನೆಯ ಚಿತ್ರದ ಕೆಲವು ಭಾಗ ಮಾತ್ರ ಸಿಕ್ಕಿಲ್ಲ. ಐದೂ ಸೇರಿ ಸುಮಾರು ಐದೂವರೆ ಗಂಟೆ. ಹೊಸದಾಗಿ ನೋಡುವವರು ಮೊದಲ ಚಿತ್ರದಿಂದಲ್ಲ, ಎರಡನೆಯದಾದ ‘ಜೂವ್ ಕಾಂತ್ರ್ ಫಾಂತೋಮಾಸ್’ನಿಂದ ಶುರುಮಾಡುವುದು ಒಳ್ಳೆಯದು. ಪೀಪಾಯಿಗಳ ಕಾಳಗ, ಹೆಬ್ಬಾವು, ಅದನ್ನು ಎದುರಿಸಲು ಮೈತುಂಬ ಮುಳ್ಳಿನ ಪಟ್ಟಿ ಬಿಗಿದುಕೊಂಡು ಮಲಗುವ ಜೂವ್, ನೀರಿನ ತೊಟ್ಟಿಯೊಳಗೆ ಮುಳುಗಿ ತಳ ಒಡೆದ ಬಾಟಲಿಯಿಂದ ಉಸಿರಾಡುವ ಫಾಂತೋಮಾಸ್, ಎಲ್ಲ ಒಂದೇ ಗಂಟೆಯಲ್ಲಿ ಸಿಗುತ್ತದೆ. ‘ಲೆ ವಾಂಪೀರ್’ ನೋಡಲು ಸಮಯ ಇಲ್ಲದವರು ಮೂರನೆಯ ಮತ್ತು ಆರನೆಯ ಕಂತನ್ನಾದರೂ ನೋಡಬೇಕು. ಮೊದಲ ಸಲ ಕಥೆಯ ಬೆನ್ನು ಹತ್ತಬೇಡಿ. ಫ್ರೇಮಿನಲ್ಲಿ ಬಾಗಿಲು ಎಷ್ಟಿವೆ ಎಂದು ನೋಡಿಕೊಳ್ಳುತ್ತಿದ್ದರೆ ಸಾಕು.